ಕುದುರೆ ಮಾರುವವನ ಮೌನ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತು ನಮ್ಮಲ್ಲಿ ತಲೆಮಾರುಗಳಿಂದ ಓಡಾಡಿಕೊಂಡಿದೆ. ತೂಕ ಕಡಿಮೆ ಬಂದಾಗ, ಹಾಲಿಗೆ ನೀರು ಬೆರೆತಾಗ ಜನ ಈ ಮಾತನ್ನು ಅರ್ಧ ಸಿಟ್ಟಿನಿಂದ, ಅರ್ಧ ನಗೆಯಿಂದ ಆಡುತ್ತಾರೆ. ವ್ಯಾಪಾರದ ಸ್ವಭಾವವೇ ದ್ರೋಹ ಎಂದು ಒಪ್ಪಿಕೊಂಡುಬಿಟ್ಟರೆ, ಅದನ್ನು ಕಲಿಸಲೆಂದು ಕಾಲೇಜು ತೆರೆಯುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೂ ಕಾಲೇಜುಗಳು ತೆರೆದವು. ಲೆಕ್ಕ ಬರೆಯುವ ವಿದ್ಯೆಯ ಜೊತೆಗೆ ಕಾನೂನನ್ನು ಕಲಿಸಲಾಯಿತು. ಆಗೊಮ್ಮೆ ಈಗೊಮ್ಮೆ ನೀತಿಯನ್ನೂ ಕಲಿಸಲಾಯಿತು. ಈ ಎರಡರ ನಡುವಿನ ಸಂಬಂಧವೇನು ಎಂಬುದು ಮಾತ್ರ ಇಂದಿಗೂ ಚರ್ಚೆಯ ವಿಷಯವಾಗಿಯೇ ಉಳಿದಿದೆ.

ಬಿ.ಕಾಂ. ಓದಿದವರಿಗೆ ಒಂದು ಕುದುರೆಯ ಪರಿಚಯ ಇದ್ದೇ ಇರುತ್ತದೆ. ಅದು 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಸೆಕ್ಷನ್ನಿನಲ್ಲಿ ಬರುವ ಕುದುರೆ. ಒಬ್ಬಾತ ತನ್ನ ಕುದುರೆಯನ್ನು ಹರಾಜಿಗೆ ಇಡುತ್ತಾನೆ. ಅದಕ್ಕೆ ಏನೋ ಊನವಿದೆ ಎಂಬುದು ಅವನಿಗೆ ಗೊತ್ತು. ಕೊಳ್ಳುವವನಿಗೆ ಅವನು ಸುಳ್ಳು ಹೇಳುವುದಿಲ್ಲ. ನಿಜವನ್ನೂ ಹೇಳುವುದಿಲ್ಲ, ಸುಮ್ಮನಿರುತ್ತಾನೆ. ಇದು ವಂಚನೆಯೇ? ಅಲ್ಲ ಎನ್ನುತ್ತದೆ ಕಾಯಿದೆ. ಕೊಳ್ಳುವಾಕೆ ಅವನ ಮಗಳೇ ಆಗಿದ್ದು, ಆಗತಾನೇ ಪ್ರಾಪ್ತ ವಯಸ್ಸಿಗೆ ಬಂದಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು ‘ನೀವು ಇಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದು ತಿಳಿಯುತ್ತೇನೆ’ ಎಂದಾಗಲೂ ಸುಮ್ಮನಿದ್ದರೆ? ಆಗ ಆ ಮೌನ ಮಾತಿಗೆ ಸಮ. ಕೊನೆಯ ಉದಾಹರಣೆ ಇಬ್ಬರು ವ್ಯಾಪಾರಿಗಳದ್ದು. ಬೆಲೆ ಬದಲಾಗಲಿರುವ ಸುದ್ದಿ ಒಬ್ಬನಿಗೆ ಮಾತ್ರ ಗೊತ್ತಿದೆ. ಅದನ್ನು ಇನ್ನೊಬ್ಬನಿಗೆ ತಿಳಿಸುವ ಹೊಣೆ ಅವನಿಗಿಲ್ಲ.

ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ತರಗತಿಯಲ್ಲಿ ಯಾರಾದರೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು ‘ಕಾನೂನು ಹಾಗೆನ್ನುತ್ತದೆ, ಸರಿ. ಆದರೆ ಅವನು ಮಾಡಿದ್ದು ಸರಿಯೇ?’ ಎಂದು ಕೇಳಿದರೆ ಅಧ್ಯಾಪಕರು ಏನು ಹೇಳಬೇಕು? ವಾಣಿಜ್ಯ ವಿದ್ಯಾರ್ಥಿಗಳಿಗೆ ಕಾನೂನು ಮತ್ತು ನೀತಿಯನ್ನು ಬೋಧಿಸಿದ ಚರಿತ್ರೆಯೆಲ್ಲ ಒಂದರ್ಥದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ.

ಗುರು ಶಿಷ್ಯರ ಜಗಳ

ಪ್ರಶ್ನೆ 1872ಕ್ಕಿಂತ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ತನ್ನ ಮಗನನ್ನು ಉದ್ದೇಶಿಸಿ, ಕರ್ತವ್ಯಗಳನ್ನು ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಧಾನ್ಯ ತುಂಬಿದ ಹಡಗಿನೊಂದಿಗೆ ಒಬ್ಬ ವ್ಯಾಪಾರಿ ಅಲ್ಲಿಗೆ ಬರುತ್ತಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಿದರೆ ಬೆಲೆ ಇಳಿಯುತ್ತದೆ. ಸುಮ್ಮನಿದ್ದರೆ ಕೇಳಿದಷ್ಟು ಹಣ ಸಿಗುತ್ತದೆ. ಅವನು ಏನು ಮಾಡಬೇಕು?

ಈ ವಿಷಯದಲ್ಲಿ ಸ್ಟೋಯಿಕ್ ಪಂಥದ ಇಬ್ಬರು ತತ್ವಜ್ಞಾನಿಗಳ ನಿಲುವುಗಳನ್ನು ಸಿಸೆರೊ ಎದುರುಬದುರು ಇಡುತ್ತಾನೆ. ಬ್ಯಾಬಿಲೋನಿಯದ ಡಯೋಜಿನಿಸ್ ಗುರು, ಆಂಟಿಪೇಟರ್ ಅವನ ಶಿಷ್ಯ. ಕಾನೂನು ಎಷ್ಟು ಹೇಳು ಎನ್ನುತ್ತದೆಯೋ ಅಷ್ಟು ಹೇಳಿದರೆ ಸಾಕು, ಮುಚ್ಚಿಡುವುದು ಬೇರೆ, ಸುಮ್ಮನಿರುವುದು ಬೇರೆ ಎಂಬುದು ಗುರುವಿನ ವಾದ. ಮನುಷ್ಯರೆಲ್ಲರ ಹಿತ ಒಂದಕ್ಕೊಂದು ಹೆಣೆದುಕೊಂಡಿರುವಾಗ ಕೊಳ್ಳುವವನಿಗೆ ಬೇಕಾದದ್ದನ್ನು ಅವನಿಂದ ಮರೆಮಾಚಲಾಗದು ಎಂಬುದು ಶಿಷ್ಯನ ವಾದ. ಸಿಸೆರೊ ಶಿಷ್ಯನ ಪರ ನಿಲ್ಲುತ್ತಾನೆ. ನ್ಯಾಯಾಲಯಗಳು ಹೆಚ್ಚಾಗಿ ಗುರುವಿನ ಪರ ನಿಂತವು. 1815ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ವ್ಯಾಪಾರಿಯೊಬ್ಬ ಬ್ರಿಟನ್ನಿನೊಡನೆ ಶಾಂತಿ ಒಪ್ಪಂದವಾದ ಸುದ್ದಿ ಊರಿಗೆಲ್ಲ ಹರಡುವ ಮೊದಲೇ ತಂಬಾಕು ಖರೀದಿಸಿದ. ಸುದ್ದಿ ಹಬ್ಬಿದೊಡನೆ ಬೆಲೆ ಏರಿತು. ಆ ಸುದ್ದಿಯನ್ನು ತಿಳಿಸುವ ಹೊಣೆ ಕೊಂಡವನ ಮೇಲಿರಲಿಲ್ಲ ಎಂದು 1817ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಭಾರತದ ಪ್ರಾಚೀನರು ವ್ಯಾಪಾರಿಯ ಮೇಲೆ ಇಷ್ಟು ವಿಶ್ವಾಸ ಇಟ್ಟಿದ್ದಂತೆ ಕಾಣುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಕಂಟಕಶೋಧನ’ ಎಂಬ ಅಧಿಕರಣವೇ ಇದೆ. ಪ್ರಜೆಗಳಿಗೆ ಮುಳ್ಳಾಗಿ ಚುಚ್ಚುವವರನ್ನು ಕಿತ್ತೊಗೆಯುವ ವಿಧಾನ ಅದು. ಕಳ್ಳರೆಂಬ ಹೆಸರಿಲ್ಲದ ಕಳ್ಳರ ಪಟ್ಟಿಯಲ್ಲಿ ಕೌಟಿಲ್ಯ ವ್ಯಾಪಾರಿಗಳನ್ನೂ ಸೇರಿಸುತ್ತಾನೆ. ತೂಕ ಅಳತೆಯಲ್ಲಿ ಮೋಸಕ್ಕೆ ದಂಡ. ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಲ್ಲಿ ಕಲಬೆರಕೆಗೆ ಹನ್ನೆರಡು ಪಣ ದಂಡ. ಲಾಭಕ್ಕೂ ಮಿತಿ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಎಷ್ಟೇ ದೊಡ್ಡ ಲಾಭವಾದರೂ ಪ್ರಜೆಗಳಿಗೆ ನೋವಾಗುವಂತಿದ್ದರೆ ಅದನ್ನು ಬಿಡಬೇಕು ಎಂದು ರಾಜನ ಅಧಿಕಾರಿಗೂ ಹೇಳಿದೆ. ಇಲ್ಲಿ ನೀತಿ ವ್ಯಾಪಾರಿಯ ಮನಸ್ಸಿಗೆ ಬಿಟ್ಟ ವಿಷಯವಲ್ಲ. ಅದು ರಾಜಶಾಸನದೊಳಗೇ ಬೆರೆತುಹೋಗಿದೆ.

ಅಂಗಡಿಯಿಂದ ತರಗತಿಗೆ

ಶತಮಾನಗಳ ಕಾಲ ವ್ಯಾಪಾರವನ್ನು ಯಾರೂ ತರಗತಿಯಲ್ಲಿ ಕುಳಿತು ಕಲಿತವರಲ್ಲ. ಮಂಡಿಯಲ್ಲಿ ಸಾಹುಕಾರನ ಪಕ್ಕ ಕುಳಿತು, ಕಡತ ಬರೆದು, ಬೈಸಿಕೊಂಡು ಕಲಿತರು. ಯಾವ ಮಾತು ನಡೆಸಬೇಕು, ಯಾವುದನ್ನು ನಡೆಸದಿದ್ದರೆ ಮಾರುಕಟ್ಟೆಯಲ್ಲಿ ಮುಖ ತೋರಿಸಲಾಗದು ಎಂಬುದೂ ಅಲ್ಲೇ ತಿಳಿಯುತ್ತಿತ್ತು. ಕಾರ್ಖಾನೆ, ರೈಲು, ಷೇರು ಬಂಡವಾಳದ ಕಂಪೆನಿಗಳು ಬಂದ ಮೇಲೆ ಈ ಪದ್ಧತಿ ಸಾಲದಾಯಿತು. ಹಣ ಹಾಕಿದವನಿಗೆ ಹಣ ನಡೆಸುವವನ ಮುಖದ ಪರಿಚಯವೇ ಇಲ್ಲದ ಕಾಲ ಬಂತು.

ಅಮೆರಿಕದ ಫಿಲಡೆಲ್ಫಿಯದಲ್ಲಿ ನಿಕ್ಕಲ್ ಮತ್ತು ಕಬ್ಬಿಣದ ಉದ್ಯಮದಿಂದ ಶ್ರೀಮಂತನಾದ ಜೋಸೆಫ್ ವಾರ್ಟನ್ 1881ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು, ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ವಾಣಿಜ್ಯ ಶಾಲೆಯೊಂದನ್ನು ಆರಂಭಿಸಿದ. ಹಣದ ಜೊತೆಗೆ ಏನನ್ನು ಕಲಿಸಬೇಕೆಂಬ ವಿವರವಾದ ಯೋಜನೆಯನ್ನೂ ಕೊಟ್ಟ. ಲೆಕ್ಕಪತ್ರ, ನಾಣ್ಯ, ತೆರಿಗೆಗಳೊಂದಿಗೆ ವಾಣಿಜ್ಯ ಕಾನೂನು ಅದರಲ್ಲಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಸಮಾಜಕ್ಕೆ ಏನಾದರೂ ಸೇವೆ ಸಲ್ಲಿಸಿ ಗಳಿಸದೆ ಇನ್ನೊಬ್ಬನಿಂದ ಕಿತ್ತುಕೊಂಡು ಗಳಿಸುವ ಸಂಪತ್ತು ಅನೀತಿ ಎಂಬುದನ್ನು, ವಂಚಕರಿಗೂ ನಂಬಿಕೆ ದ್ರೋಹ ಮಾಡಿದವರಿಗೂ ಕಾನೂನಿನ ಶಿಕ್ಷೆಯ ಜೊತೆಗೆ ಸಾಮಾಜಿಕ ಬಹಿಷ್ಕಾರವೂ ಆಗಬೇಕೆಂಬುದನ್ನು ಕಲಿಸಬೇಕೆಂದು ಅವನು ಬರೆದ. ವಿದೇಶಿ ಸರಕಿನ ಮೇಲೆ ಸುಂಕ ಹೇರಬೇಕೆಂಬ ತನ್ನ ವರ್ಗದ ಹಿತದ ವಾದವನ್ನೂ ಅದೇ ಪಠ್ಯಕ್ಕೆ ಸೇರಿಸಿದ್ದ ಎಂಬುದು ಬೇರೆ ಮಾತು.

ಗಮನಿಸಬೇಕಾದದ್ದೆಂದರೆ, ಈ ಮೊದಲ ಯೋಜನೆಯಲ್ಲಿ ಕಾನೂನು ಮತ್ತು ನೀತಿ ಒಟ್ಟಿಗೇ ಇದ್ದವು. ಮುಂದೆ ವಾಣಿಜ್ಯ ಶಾಲೆಗಳು ನೂರಾರಾಗಿ ಬೆಳೆದಾಗ ಕಾನೂನು ಉಳಿಯಿತು, ನೀತಿ ಅಂಚಿಗೆ ಸರಿಯಿತು. ಕಾನೂನಿಗೆ ಸೆಕ್ಷನ್ನುಗಳಿವೆ, ತೀರ್ಪುಗಳಿವೆ, ಸರಿ ತಪ್ಪು ಎಂದು ಅಂಕ ಹಾಕಬಹುದಾದ ಉತ್ತರಗಳಿವೆ. ನೀತಿಗೆ ಅಂಥ ಅನುಕೂಲ ಇಲ್ಲ. ಅದನ್ನು ಪರೀಕ್ಷಿಸುವುದು ಕಷ್ಟ, ಬೋಧಿಸುವುದು ಇನ್ನೂ ಕಷ್ಟ.

1913ರ ವರ್ಷ

ಭಾರತದಲ್ಲಿ 1913 ಒಂದು ಗಮನಾರ್ಹ ವರ್ಷ. ಮುಂಬಯಿಯಲ್ಲಿ ಗವರ್ನರ್ ಸಿಡೆನ್‌ಹ್ಯಾಮ್ ಹೆಸರಿನ ವಾಣಿಜ್ಯ ಕಾಲೇಜು ಆ ವರ್ಷ ಆರಂಭವಾಯಿತು. ಭಾರತೀಯ ಕಂಪೆನಿಗಳ ಕಾಯಿದೆ ಬಂದದ್ದೂ ಆ ವರ್ಷವೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನದಲ್ಲಿ ಮೈಸೂರು ಬ್ಯಾಂಕ್ ಹುಟ್ಟಿದ್ದೂ ಆಗಲೇ. ಅದೇ ವರ್ಷ ಸ್ವದೇಶಿ ಬ್ಯಾಂಕುಗಳು ಒಂದರ ಹಿಂದೆ ಒಂದು ಕುಸಿದವು. ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಮುಚ್ಚಿತು. ಬೆಳ್ಳಿಯ ಸಟ್ಟಾ ವ್ಯಾಪಾರಕ್ಕೆ ಇಳಿದಿದ್ದ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಮುಳುಗಿತು. ಠೇವಣಿದಾರರ ಹಣವನ್ನು ಅವರಿಗೆ ತಿಳಿಯದಂತೆ ಜೂಜಿಗೆ ಒಡ್ಡಬಹುದೇ ಎಂಬ ಪ್ರಶ್ನೆ ಪುಸ್ತಕದಿಂದ ಬರಬೇಕಾಗಿರಲಿಲ್ಲ, ಪತ್ರಿಕೆಗಳಲ್ಲಿಯೇ ಇತ್ತು.

ಇಂದಿಗೂ ಬಿ.ಕಾಂ. ತರಗತಿಗಳಲ್ಲಿ ತಪ್ಪದೆ ಹೇಳುವ ಒಂದು ಮೊಕದ್ದಮೆ ಕೂಡ ಅದೇ 1913ರದು: ಲಾಲ್‌ಮನ್ ಶುಕ್ಲ ವಿರುದ್ಧ ಗೌರಿದತ್ತ. ಕಾನ್‌ಪುರದ ಗೌರಿದತ್ತನ ಸೋದರಳಿಯ ಮನೆ ಬಿಟ್ಟು ಹೋದ. ಹುಡುಕಲು ಮುನೀಮ ಲಾಲ್‌ಮನ್‌ನನ್ನು ಹರಿದ್ವಾರದ ಕಡೆಗೆ ಕಳಿಸಲಾಯಿತು. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಎಂದು ಯಜಮಾನ ಕರಪತ್ರ ಹಂಚಿಸಿದ. ಮುನೀಮನಿಗೆ ಅದು ಗೊತ್ತಿರಲಿಲ್ಲ. ಅವನು ಹುಡುಗನನ್ನು ಪತ್ತೆ ಮಾಡಿದ. ಮುಂದೆ ಕೆಲಸ ಕಳೆದುಕೊಂಡ ಮೇಲೆ ಬಹುಮಾನಕ್ಕಾಗಿ ದಾವೆ ಹೂಡಿದ. ಅಲಹಾಬಾದ್ ಹೈಕೋರ್ಟು ಅವನ ಕೋರಿಕೆಯನ್ನು ಒಪ್ಪಲಿಲ್ಲ. ಗೊತ್ತಿಲ್ಲದ ಪ್ರಸ್ತಾವವನ್ನು ಯಾರೂ ಸ್ವೀಕರಿಸಲಾರರು, ಹುಡುಕುವುದು ಹೇಗೂ ಅವನ ಕೆಲಸವಾಗಿತ್ತು ಎಂಬುದು ತೀರ್ಪು.

ಕಾನೂನಿನ ಪಾಠ ಇಲ್ಲಿಗೆ ಮುಗಿಯುತ್ತದೆ. ನೀತಿಯ ಪಾಠ ಇಲ್ಲಿಂದ ಶುರುವಾಗಬೇಕು. ಊರವರಿಗೆಲ್ಲ ಕೊಡಲು ಸಿದ್ಧನಿದ್ದ ಹಣವನ್ನು ಯಜಮಾನ ತನ್ನ ಮುನೀಮನಿಗೆ ಕೊಡದಿದ್ದದ್ದು ಸರಿಯೇ? ನಾಳೆ ಇಂಥದೇ ಮುನೀಮನ ಕುರ್ಚಿಯಲ್ಲಿಯೋ ಯಜಮಾನನ ಕುರ್ಚಿಯಲ್ಲಿಯೋ ಕುಳಿತುಕೊಳ್ಳುವವರು ಆ ತರಗತಿಯ ವಿದ್ಯಾರ್ಥಿಗಳೇ. ‘ಪ್ರಸ್ತಾವ ತಿಳಿದಿರಬೇಕು’ ಎಂಬ ಒಂದು ಸಾಲಿನ ನಿಯಮವಾಗಿ ಗೈಡುಗಳಲ್ಲಿ ಉಳಿದುಹೋದ ಈ ಮೊಕದ್ದಮೆಯೊಳಗೆ ಒಬ್ಬ ನೌಕರನ ಬದುಕಿದೆ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ.

ನೀರಿನ ಹೂಜಿ

ಸಿಡೆನ್‌ಹ್ಯಾಮ್ ಕಾಲೇಜಿಗೆ 1918ರ ನವೆಂಬರಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಡಾ. ಬಿ.ಆರ್. ಅಂಬೇಡ್ಕರ್ ಬಂದರು. 1920ರವರೆಗೆ ಅಲ್ಲಿ ಪಾಠ ಹೇಳಿದರು. ಅಧ್ಯಾಪಕರಿಗಾಗಿ ಇಟ್ಟಿದ್ದ ಹೂಜಿಯಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರೆಂದು ಅವರ ಜೀವನ ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಆಕ್ಷೇಪ ಅಂದಿನ ಯಾವ ಕಾಯಿದೆಗೂ ವಿರುದ್ಧವಾಗಿರಲಿಲ್ಲ. ಒಳಗೆ ತರಗತಿಯಲ್ಲಿ ವಾಣಿಜ್ಯದ ನಿಯಮಗಳ ಪಾಠ ನಡೆಯುತ್ತಿದ್ದಾಗ, ಹೊರಗೆ ಅಧ್ಯಾಪಕರ ಕೋಣೆಯಲ್ಲಿ ಈ ಇನ್ನೊಂದು ಪಾಠವೂ ನಡೆಯುತ್ತಿತ್ತು.

ಅಂಬೇಡ್ಕರ್ ಮುಂದೆ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿ ವಕೀಲಿ ವೃತ್ತಿ ಹಿಡಿದರು. ಆ ದಿನಗಳಲ್ಲಿ, 1925ರಿಂದ 1928ರವರೆಗೆ, ಮುಂಬಯಿಯ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಅರೆಕಾಲಿಕ ಅಧ್ಯಾಪಕರಾಗಿದ್ದರು. ಅವರು ಅಲ್ಲಿ ಕಲಿಸಿದ್ದು ವಾಣಿಜ್ಯ ಕಾನೂನು. ಅಂದರೆ ಲೆಕ್ಕ ಕಲಿಯಲು ಬಂದ ಹುಡುಗರಿಗೆ ಕರಾರು ಕಾಯಿದೆಯ ಪಾಠ ಹೇಳಿದವರಲ್ಲಿ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರೂ ಒಬ್ಬರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯಿದೆ ಅದನ್ನು ಆಚರಿಸುವವರಿಗೆ ಶಿಕ್ಷೆ ಗೊತ್ತುಪಡಿಸಿತು. 1918ರಲ್ಲಿ ಕಾನೂನಿಗೆ ಕಾಣಿಸದಿದ್ದ ಅನ್ಯಾಯ ಅಪರಾಧವಾಗಲು ಮೂವತ್ತೇಳು ವರ್ಷ ಹಿಡಿಯಿತು.

ಕಾನೂನಿನ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ, ಅದು ಸರಿಯುತ್ತದೆ. ‘ಕಾನೂನುಬದ್ಧ, ಆದರೆ ಸರಿಯೇ?’ ಎಂದು ಯಾರೋ ಕೇಳಿದ್ದರಿಂದಲೇ ಸರಿಯುತ್ತದೆ. ಈ ಮಾತು ಜಾತಿಯ ವಿಷಯದಲ್ಲಿ ಮಾತ್ರವಲ್ಲ, ವ್ಯಾಪಾರದ ವಿಷಯದಲ್ಲೂ ನಿಜ. ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮ, ಆಗಲೇ ಕೆಲವು ಅಪವಾದಗಳಿದ್ದವು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ, ಅದರ ಜಾಗಕ್ಕೆ ಬಂದ 2019ರ ಕಾಯಿದೆ, ಎಚ್ಚರದ ಭಾರವನ್ನು ಮಾರುವವನ ಹೆಗಲಿಗೂ ವರ್ಗಾಯಿಸಿದವು. ಬೆಲೆಯ ಗುಟ್ಟು ತಿಳಿದ ವ್ಯಾಪಾರಿ ಸುಮ್ಮನಿರಬಹುದು ಎಂದು 1872ರ ಉದಾಹರಣೆ ಹೇಳುತ್ತದೆ, ನಿಜ. ಆದರೆ ಕಂಪೆನಿಯ ಒಳಗಿನ ಗುಟ್ಟು ತಿಳಿದವನು ಅದನ್ನು ಮುಚ್ಚಿಟ್ಟುಕೊಂಡು ಷೇರು ಕೊಳ್ಳುವುದನ್ನೋ ಮಾರುವುದನ್ನೋ ‘ಸೆಬಿ’ಯ 1992ರ ನಿಯಮಗಳು ನಿಷೇಧಿಸಿದವು. 2015ರ ನಿಯಮಗಳು ಅದನ್ನು ಮತ್ತಷ್ಟು ಬಿಗಿಗೊಳಿಸಿದವು. ರೋಡ್ಸ್‌ನ ಧಾನ್ಯ ವ್ಯಾಪಾರಿಯ ಮೊಕದ್ದಮೆಯನ್ನು ಷೇರುಪೇಟೆಯ ಮಟ್ಟಿಗಾದರೂ ಶಿಷ್ಯ ಆಂಟಿಪೇಟರ್ ಗೆದ್ದಂತಾಯಿತು.

ಹಗರಣದ ನಂತರದ ಪಾಠ

ದುರದೃಷ್ಟವೆಂದರೆ ನೀತಿ ತರಗತಿಗೆ ಮರಳಿ ಬಂದದ್ದು ಬಹುತೇಕ ಹಗರಣಗಳ ಬೆನ್ನೇರಿ. ಅಮೆರಿಕದ ಕಂಪೆನಿಗಳು ವಿದೇಶಗಳಲ್ಲಿ ಲಂಚ ಕೊಟ್ಟದ್ದು ಬಯಲಾಗಿ 1977ರಲ್ಲಿ ಅದರ ವಿರುದ್ಧ ಕಾನೂನು ಬಂತು. ಎಂಬತ್ತರ ದಶಕದಲ್ಲಿ ವಾಲ್ ಸ್ಟ್ರೀಟಿನಲ್ಲಿ ಒಳಗುಟ್ಟಿನ ಷೇರು ವ್ಯವಹಾರ ಸಿಕ್ಕಿಬಿದ್ದಾಗ, ಷೇರುಪೇಟೆ ನಿಯಂತ್ರಣ ಆಯೋಗದ ಅಧ್ಯಕ್ಷರಾಗಿದ್ದ ಜಾನ್ ಶಾಡ್ ನೀತಿ ಬೋಧನೆಗೆಂದು ಹಾರ್ವರ್ಡ್ ಬಿಜಿನೆಸ್ ಸ್ಕೂಲಿಗೆ 1987ರಲ್ಲಿ ಸುಮಾರು ಎರಡು ಕೋಟಿ ಡಾಲರ್‌ಗಳ ವಾಗ್ದಾನ ಮಾಡಿದರು. 2001ರಲ್ಲಿ ಎನ್ರಾನ್ ಕುಸಿದಾಗ, ಅದರ ಮುಖ್ಯಸ್ಥನಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಅದೇ ಹಾರ್ವರ್ಡ್‌ನಲ್ಲಿ ಅದಕ್ಕೂ ಮೊದಲು ಓದಿದ್ದವನೆಂಬುದನ್ನು ಜನ ನೆನೆದರು. ಆ ಕಂಪೆನಿಯ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಅಧ್ಯಕ್ಷನಿಗೆ ಪತ್ರ ಬರೆದವರೂ ಒಳಗಿನವರೇ, ಷೆರನ್ ವಾಟ್ಕಿನ್ಸ್ ಎಂಬ ಅಕೌಂಟೆಂಟ್. ಇಬ್ಬರೂ ವಾಣಿಜ್ಯ ವಿದ್ಯೆ ಕಲಿತವರು. ಒಬ್ಬಾತ ಜೈಲಿಗೆ ಹೋದ, ಇನ್ನೊಬ್ಬಾಕೆ ಮೌನ ಮುರಿದಳು.

ಇಲ್ಲಿ 1992ರ ಷೇರು ಹಗರಣ, 2009ರ ಸತ್ಯಂ ಹಗರಣ. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಪತ್ರದಲ್ಲಿ ಒಪ್ಪಿಕೊಂಡದ್ದು, ಲೆಕ್ಕದಲ್ಲಿ ತೋರಿಸಿದ್ದ ಸಾವಿರಾರು ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂಬುದನ್ನು. ಅಷ್ಟು ದೊಡ್ಡ ಸುಳ್ಳು ವರ್ಷಗಟ್ಟಲೆ ನಿಲ್ಲಬೇಕಾದರೆ ಸುಮ್ಮನಿದ್ದವರು ಎಷ್ಟೋ ಮಂದಿ ಇರಬೇಕು. 2013ರ ಕಂಪೆನಿಗಳ ಕಾಯಿದೆ ಇದರಿಂದ ಪಾಠ ಕಲಿಯಿತು. ಲೆಕ್ಕಪರಿಶೋಧಕರ ಹೊಣೆ ಹೆಚ್ಚಿತು. ಪಟ್ಟಿಯಲ್ಲಿರುವ ಕಂಪೆನಿಗಳಲ್ಲಿ ನೌಕರರು ತಪ್ಪನ್ನು ಕಂಡರೆ ನಿರ್ಭಯವಾಗಿ ತಿಳಿಸುವ ವ್ಯವಸ್ಥೆ ಇರಬೇಕೆಂದಾಯಿತು. ಗೊತ್ತುಪಡಿಸಿದ ಮಿತಿಗಿಂತ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕೆಂದಾಯಿತು.

ವಾಣಿಜ್ಯ ನೀತಿ ಎಂಬ ಪತ್ರಿಕೆಯೂ ಪದವಿ ಪಠ್ಯಕ್ರಮಗಳಲ್ಲಿ ಈಗ ಕಾಣಿಸಿಕೊಂಡಿದೆ. ಆದರೆ ಬಹಳ ಕಡೆ ಕಾನೂನು ಒಂದು ಪತ್ರಿಕೆ, ನೀತಿ ಇನ್ನೊಂದು. ಒಂದರಲ್ಲಿ ಸೆಕ್ಷನ್ನುಗಳ ಬಾಯಿಪಾಠ, ಇನ್ನೊಂದರಲ್ಲಿ ಪ್ರಾಮಾಣಿಕತೆಯ ವ್ಯಾಖ್ಯೆಯ ಬಾಯಿಪಾಠ. ಹೀಗೆ ಬೇರ್ಪಟ್ಟಾಗ ಎರಡೂ ಸೊರಗುತ್ತವೆ. ನೀತಿಯ ಪ್ರಶ್ನೆ ಕೇಳದ ಕಾನೂನಿನ ಪಾಠ, ಎಲ್ಲಿಯವರೆಗೆ ಸುಮ್ಮನಿದ್ದರೆ ಸಿಕ್ಕಿಬೀಳುವುದಿಲ್ಲ ಎಂಬುದನ್ನು ಕಲಿಸುವ ಪಾಠವಾಗಿಬಿಡಬಹುದು. ಕಾನೂನಿನ ಆಧಾರವಿಲ್ಲದ ನೀತಿಯ ಪಾಠ ಬರಿಯ ಉಪದೇಶವಾಗುತ್ತದೆ. ಹದಿನೆಂಟರ ವಯಸ್ಸಿನವರಿಗೆ ಉಪದೇಶದ ಕೊರತೆ ಯಾವ ಮನೆಯಲ್ಲೂ ಇಲ್ಲ.

ಮೌನ ಮುರಿದವರು

ಈ ಪಾಠಕ್ಕೆ ಕರ್ನಾಟಕದವರು ದೂರದ ರೋಮಿಗೆ ಹೋಗಬೇಕಾಗಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ ಕುಟುಂಬದಿಂದ ಬಂದ ಎಸ್. ಮಂಜುನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಪದವಿ ಪಡೆದರು. ಇಂಡಿಯನ್ ಆಯಿಲ್ ಸಂಸ್ಥೆಯಲ್ಲಿ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕನ್ನು ಮುಚ್ಚಿಸಿದರು. ಅದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 27 ವರ್ಷ. ಅವರೊಂದಿಗೆ ಓದಿದ ಗೆಳೆಯರೂ ಇತರರೂ ಅವರ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ ಮೊಕದ್ದಮೆಯ ಬೆನ್ನಿಗೆ ನಿಂತರು. ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಕಲಬೆರಕೆ ಅಪರಾಧ ಎಂಬ ಕಾನೂನು ಕೌಟಿಲ್ಯನ ಕಾಲದಿಂದ ಇದೆ. ಬಂಕ್ ಮುಚ್ಚಿಸುವ ಅಧಿಕಾರ ಮಂಜುನಾಥರಿಗೂ ಇತ್ತು, ಅಂಥದೇ ಹುದ್ದೆಯಲ್ಲಿದ್ದ ಇತರರಿಗೂ ಇತ್ತು. ಕಾನೂನು ಕೊಟ್ಟದ್ದು ಅಧಿಕಾರವನ್ನು ಮಾತ್ರ. ಎರಡನೆಯ ಸಲ ಅಲ್ಲಿಗೆ ಹೋಗುವಂತೆ ಮಾಡಿದ್ದು ಬೇರೆಯದೇ. ಎಲ್ಲರಿಂದಲೂ ಇಂಥ ತ್ಯಾಗವನ್ನು ಯಾವ ಅಧ್ಯಾಪಕರೂ ಬೇಡಲಾಗದು, ಬೇಡಲೂಬಾರದು. ವ್ಯಾಪಾರ ಕಲಿತವರ ನಿತ್ಯದ ಪರೀಕ್ಷೆಗಳು ಇದಕ್ಕಿಂತ ಚಿಕ್ಕವು: ಮೇಲಿನವರು ಮುಂದೆ ಹಿಡಿದ ವೋಚರಿಗೆ ಸಹಿ ಹಾಕಬೇಕೇ ಬೇಡವೇ, ಗೋದಾಮಿನಲ್ಲಿಲ್ಲದ ಸರಕನ್ನು ಪುಸ್ತಕದಲ್ಲಿ ತೋರಿಸಬೇಕೇ ಬೇಡವೇ, ಗಿರಾಕಿ ಕೇಳದ ಪ್ರಶ್ನೆಗೆ ಉತ್ತರ ಹೇಳಬೇಕೇ ಬೇಡವೇ. ಅಂಥ ಹೊತ್ತಿನಲ್ಲಿ ಸೆಕ್ಷನ್ನಿನ ಸಂಖ್ಯೆ ಮರೆತುಹೋಗಿರಬಹುದು. ಕುದುರೆಯ ಪ್ರಸಂಗ ಬಂದ ದಿನ ತರಗತಿಯಲ್ಲಿ ನಡೆದ ವಾದ ನೆನಪಾದರೆ, ಪಾಠ ಹೇಳಿದ್ದು ವ್ಯರ್ಥವಾಗಲಿಲ್ಲ ಎಂದೇ ಹೇಳಬೇಕು.